ಬಣ್ಣಕ್ಕೆ ಮರುಳಾಗದಿರಿ

ಕೆರೆಯಂಚಿನ ಜೊಂಡಿನ ಮೇಲೆ ಕುಳಿತ ಸೂಜಿಯಂತಹ ತೆಳ್ಳನೆಯ ಕೀಟವನ್ನು ಏರೋಪ್ಲೇನ್ ಚಿಟ್ಟೆಯ ಮರಿಯೆಂದು ಭಾವಿಸುವವರುಂಟು. ಮರಿಯಲ್ಲ, ಅದು ಬೆಳೆದ ಸೂಜಿಚಿಟ್ಟೆ. ಅದರ ಬಾಲ್ಯವೆಲ್ಲ ನೀರಿನೊಳಗೇ ಕಳೆದಿರುತ್ತದೆ. ಏರೋಪ್ಲೇನ್ ಚಿಟ್ಟೆ ಕುಳಿತಾಗಲೂ ರೆಕ್ಕೆಗಳನ್ನು ಹರಡಿರುತ್ತದೆ. ಇದು ಸಾಮಾನ್ಯವಾಗಿ ಬೆನ್ನಿನ ಮೇಲೆ ಮಡಿಸಿಕೊಳ್ಳುತ್ತದೆ. ಕಣ್ಣುಗಳೆರಡೂ ತಲೆಯ ಇಕ್ಕೆಲಗಳಲ್ಲಿ ದೂರದೂರವಿರುತ್ತವೆ.

ಇಷ್ಟು ಸುಲಭ. ಜಾತಿಯನ್ನು ನಿರ್ಣಯಿಸುವಾಗ ಮಾತ್ರ ಬಣ್ಣವೊಂದನ್ನೇ ನಂಬಲಾಗದು. ನಮ್ಮಲ್ಲಿಯೂ ಇರುವ ಇಶ್ನೂರ ಸೆನೆಗಲೆನ್ಸಿಸ್ ಎಂಬುದರ ಗಂಡಿಗೆ ಬಾಲದ ತುದಿಯಲ್ಲಿ ನೀಲಿ. ಎಳೆಯ ಹೆಣ್ಣಿಗೆ ಕಿತ್ತಳೆಯ ಮೈಬಣ್ಣ, ಬಲಿತಂತೆ ಅದು ಹಸುರೋ ಕಂದೋ ಆಗುತ್ತದೆ. ಬಣ್ಣವನ್ನೇ ನೆಚ್ಚಿದವನು ಒಂದನ್ನು ಮೂರೆಂದು ಎಣಿಸಿಯಾನು! ಆದುದರಿಂದಲೇ ಬಲ್ಲವರು ಗಂಡಿನ ಬಾಲದ ತುದಿಯಲ್ಲಿರುವ ಚಿಮುಟದಂತಹ ಅಂಗಗಳ ಆಕಾರವನ್ನು ಪರೀಕ್ಷಿಸುತ್ತಾರೆ. ಹೊಸಬರೇ, ಮೊದಲು ಕುಳಿತು ನೋಡಿರಿ. ಹೆಸರು ಆಮೇಲೆ ಬರಲಿ.