ಅಂತೆ-ಕಂತೆಗೆ ನಮ್ಮ ಶಾಲೆ ಬಲಿಯೇ?

ಹೆತ್ತವರೇ, ಮೇ ತಿಂಗಳು ಬಂತೆಂದರೆ ನಮ್ಮೂರಿನ ಬಸ್ ನಿಲ್ದಾಣದಲ್ಲಿ ಅಂತೆ-ಕಂತೆಗಳ ಸಂತೆ ನೆರೆಯುತ್ತದೆ. "ಕನ್ನಡ ಮಾಧ್ಯಮ ಇನ್ನೆರಡೇ ವರ್ಷವಂತೆ." "ಕನ್ನಡದಲ್ಲಿ ಓದಿದವರಿಗೆ ಮುಂದೆ ಸೀಟೇ ಇಲ್ಲವಂತೆ." "ಮಾತೃಭಾಷಾ ಶಿಕ್ಷಣ ಬೇಡವೆಂದು ಸುಪ್ರೀಂ ಕೋರ್ಟೇ ಹೇಳಿದೆಯಂತೆ." ಯಾರು ಹೇಳಿದರು ಎಂದರೆ ಉತ್ತರವಿಲ್ಲ. ಜೂನ್ ಬರುವಷ್ಟರಲ್ಲಿ ಮೂರು ನಾಲ್ಕು ಮಕ್ಕಳ ಟಿ.ಸಿ. ಮಾತ್ರ ಹೋಗಿರುತ್ತದೆ.

ಗೊತ್ತಿಲ್ಲದಿರುವುದು ತಪ್ಪಲ್ಲ. ತೋಟ, ಬೀಡಿ, ಕೂಲಿ ಎಂದು ದುಡಿಯುವವರಿಗೆ ಸರಕಾರಿ ಆದೇಶ ಓದಲು ಪುರುಸೊತ್ತೆಲ್ಲಿ? ಆದರೆ ತಿಳಿಸಲು ಬಂದವರಿಗೆ "ಅದೆಲ್ಲ ಬೇಡ, ನಮಗೆ ಗೊತ್ತುಂಟು" ಎಂದು ಬೆನ್ನು ತಿರುಗಿಸುವುದಿದೆಯಲ್ಲ, ಅದು ತಪ್ಪು. ಬೀಡಿ ಕಟ್ಟುವ ತಾಯಂದಿರಿಗಿಂತ ನಮ್ಮ ನಡುವಿನ ಓದಿದವರೇ ಹಾಗೆ ಹೇಳುವುದು ಹೆಚ್ಚು.

ಕೋರ್ಟಿನ ಮಾತನ್ನೇ ನೋಡಿ. ಕರ್ನಾಟಕ ಸರಕಾರ ಪ್ರಾಥಮಿಕ ಶಾಲೆಗಳಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡಬಹುದೇ ಎಂಬುದು 2014ರ ತೀರ್ಪಿನ ಪ್ರಶ್ನೆ. ಹೇರುವಂತಿಲ್ಲ, ಆಯ್ಕೆ ಹೆತ್ತವರದು ಎಂದಿತು ನ್ಯಾಯಾಲಯ. ಬೇಡವೆನ್ನಲಿಲ್ಲ. ಸಂವಿಧಾನದ 350ಎ ವಿಧಿ ಹಾಗೆಯೇ ಇದೆ: ಭಾಷಾ ಅಲ್ಪಸಂಖ್ಯಾತರ ಮಕ್ಕಳು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಯತ್ನಿಸಬೇಕು. ನಮ್ಮನ್ನು ಗಡಿಯಾಚೆ ಉಳಿಸಿದ 1956ರಲ್ಲೇ ಇದು ಸಂವಿಧಾನಕ್ಕೆ ಸೇರಿದ್ದು. ನವೆಂಬರ್ 1ರ ಭಾಷಣಗಳಲ್ಲಿ ಮಹಾಜನ ವರದಿಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಈ ವಿಧಿಯನ್ನು ಕೇಳಿದ ನೆನಪಿಲ್ಲ.

ಸೀಟಿನ ಮಾತೂ ಹಾಗೆಯೇ. ಕರ್ನಾಟಕದ ಸಿಇಟಿ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅವಕಾಶವಿದೆ. ಕಾಸರಗೋಡು, ಮಂಜೇಶ್ವರಗಳಂತೆ ಅಕ್ಕಲಕೋಟೆ, ಜತ್ತ, ಆದೋನಿ, ರಾಯದುರ್ಗ, ಮಡಕಶಿರಾಗಳ ಹೆಸರೂ ಅಲ್ಲಿದೆ. ಆದರೆ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಎರಡನೇ ತರಗತಿಗೇ ಕನ್ನಡ ಬಿಡಿಸಿದ ಮಗು ಅಲ್ಲಿ ಏನು ಬರೆದೀತು?

ಇನ್ನು "ಶಾಲೆ ಮುಚ್ಚುತ್ತದಂತೆ" ಎಂಬ ಮಾತು. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿದ ಸೂತ್ರವೊಂದಿದೆ: ಇಡೀ ಶಾಲೆಯಲ್ಲಿ 40, ಇಲ್ಲವೇ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯಲ್ಲಿ ಕಲಿಸುವ ಅಧ್ಯಾಪಕರನ್ನು ಕೊಡಬೇಕು. ಈಗ ಲೆಕ್ಕ ಹಾಕಿ. ಸಣ್ಣ ಶಾಲೆ, ತರಗತಿಯಲ್ಲಿ 12 ಮಕ್ಕಳು. ಗಾಳಿಮಾತು ಕೇಳಿ ಮೂವರು ಹೊರಟರು. ಉಳಿದದ್ದು 9. ಅಧ್ಯಾಪಕರನ್ನು ಕೇಳಲು ಇದ್ದ ಆಧಾರವೇ ಹೋಯಿತು. ಆಗ ಆ ಗಾಳಿಮಾತು ಹಬ್ಬಿಸಿದವನೇ ಎದೆ ತಟ್ಟಿಕೊಂಡು "ನಾನು ಹೇಳಿರಲಿಲ್ಲವೇ?" ಎನ್ನುತ್ತಾನೆ. ಅವನ ಸುಳ್ಳನ್ನು ನಿಜ ಮಾಡಿಕೊಟ್ಟವರು ನಾವು.

ಎಲ್ಲ ತಿಳಿದು, ಯೋಚಿಸಿ, ಇಂಗ್ಲಿಷ್ ಮಾಧ್ಯಮವೇ ಬೇಕೆನ್ನುವವರೊಡನೆ ನನಗೆ ಜಗಳವಿಲ್ಲ. ವಾದವಿದೆ, ಅದು ಬೇರೆ. ಕನ್ನಡ ಬಾರದ ಅಧ್ಯಾಪಕರು ಕನ್ನಡ ತರಗತಿಗೆ ನೇಮಕವಾಗಿ ಬಂದಾಗಲೂ "ಏನೂ ಮಾಡಲಾಗದಂತೆ" ಎಂದು ಕೈಕಟ್ಟಿ ಕುಳಿತವರನ್ನು ಮಾತ್ರ ಕ್ಷಮಿಸಲಾರೆ. ಮಗು ವರ್ಷವಿಡೀ ಅರ್ಥವಾಗದ ಗಣಿತ ಕೇಳುತ್ತಾ ಕುಳಿತಿರುತ್ತದೆ.

ಈ ಸಲದ ರಕ್ಷಕ-ಶಿಕ್ಷಕ ಸಂಘದ ಸಭೆಗೆ ಬನ್ನಿ. ಯಾವ ತರಗತಿಯಲ್ಲಿ ಎಷ್ಟು ಮಕ್ಕಳು, ಎಷ್ಟು ಹುದ್ದೆ ಖಾಲಿ ಎಂದು ಕೇಳಿ. ಯಾರಾದರೂ "ಇಲ್ಲವಂತೆ" ಎಂದರೆ ಆದೇಶದ ನಂಬರು, ತಾರೀಕು ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಅರ್ಜಿ ಹಾಕಿ. ಅದಕ್ಕೆ ಶುಲ್ಕ ಹತ್ತು ರೂಪಾಯಿ.