ಅರಿಶಿನದ ಮುಂದೆ ‘ನ್ಯಾನೋ’ ಸೇರಿದರೆ ಕ್ಯಾನ್ಸರ್ ವಾಸಿಯಾಗುತ್ತದೆಯೇ?

‘ಸಾಮಾನ್ಯ ಅರಿಶಿನ ಮೈಗೆ ಹತ್ತುವುದಿಲ್ಲ, ನ್ಯಾನೋ ಕರ್ಕ್ಯುಮಿನ್ ನೇರ ರಕ್ತಕ್ಕೆ ಸೇರಿ ಕ್ಯಾನ್ಸರ್ ಗುಣಪಡಿಸುತ್ತದೆ’ – ಈ ಧಾಟಿಯ ಫಾರ್ವರ್ಡ್‌ಗಳು ನಿಮ್ಮ ಗ್ರೂಪ್‌ಗೂ ಬಂದಿರಬಹುದು. ಇದರ ಮೊದಲರ್ಧ ಬಹುಮಟ್ಟಿಗೆ ನಿಜ. ಉಳಿದರ್ಧವನ್ನು ನಂಬಿಸಲು ಆ ನಿಜವನ್ನೇ ಬಳಸಲಾಗುತ್ತಿದೆ.

ಅರಿಶಿನ ಕಲಸಿದ ನೀರನ್ನು ಸ್ವಲ್ಪ ಹೊತ್ತು ಬಿಟ್ಟರೆ ಪುಡಿ ತಳಕ್ಕಿಳಿಯುತ್ತದೆ. ಅದರ ಹಳದಿ ಅಂಶವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಕರಗದ ವಸ್ತು ಕರುಳಿನ ಗೋಡೆ ದಾಟುವುದು ಕಷ್ಟ. ದಾಟಿದ ಅಲ್ಪಸ್ವಲ್ಪವನ್ನೂ ಕರುಳು ಮತ್ತು ಲಿವರ್ ಬೇಗನೆ ಬೇರೆ ರೂಪಕ್ಕೆ ತಿರುಗಿಸಿ ಹೊರಹಾಕುತ್ತವೆ.

ಕರಗದಿರುವ ಸಮಸ್ಯೆ ಅನೇಕ ಇಂಗ್ಲಿಷ್ ಔಷಧಿಗಳಿಗೂ ಇದೆ. ಒಂದು ಪರಿಹಾರ ಅತಿ ನುಣ್ಣಗೆ ಅರೆಯುವುದು. ಕಲ್ಲುಸಕ್ಕರೆಗಿಂತ ಸಕ್ಕರೆ ಪುಡಿ ಬೇಗ ಕರಗುತ್ತದಲ್ಲ, ಹಾಗೆ. 5 ಮೈಕ್ರಾನ್ ಕಣವನ್ನು 200 ನ್ಯಾನೋಮೀಟರ್‌ಗೆ ಇಳಿಸಿದರೆ, ಅದೇ ತೂಕದ ಔಷಧಿಗೆ ನೀರು ತಾಗುವ ಜಾಗ 25 ಪಟ್ಟು ಹೆಚ್ಚುತ್ತದೆ. ಕಿಡ್ನಿ ಕಸಿಯಾದವರಿಗೆ ಕೊಡುವ ಸಿರೋಲಿಮಸ್ ಮೊದಲು ಫ್ರಿಜ್‌ನಲ್ಲಿಡಬೇಕಾದ ದ್ರವವಾಗಿತ್ತು. ಅಮೆರಿಕದಲ್ಲಿ 2000ದಲ್ಲಿ ಬಂದ ಅದರ ಮಾತ್ರೆ ಈ ವಿಧಾನದ್ದು.

ಕ್ಯಾನ್ಸರ್ ಔಷಧಿ ಪ್ಯಾಕ್ಲಿಟಾಕ್ಸೆಲ್‌ನ ಕಥೆ ಇನ್ನೂ ಮುಖ್ಯ. ನೀರಿನಲ್ಲಿ ಕರಗದ ಇದನ್ನು ಹರಳೆಣ್ಣೆಯಿಂದ ತಯಾರಿಸಿದ ದ್ರಾವಕದಲ್ಲಿ ಬೆರೆಸಿ ಡ್ರಿಪ್ ಹಾಕುತ್ತಾರೆ. ಆ ದ್ರಾವಕವೇ ಕೆಲವರಿಗೆ ತೀವ್ರ ಅಲರ್ಜಿ ತರುವುದರಿಂದ ಮೊದಲೇ ಸ್ಟೀರಾಯ್ಡ್ ಕೊಡಬೇಕಾಗುತ್ತದೆ. 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಹೊಸ ರೂಪದಲ್ಲಿ ಔಷಧಿಯನ್ನು ರಕ್ತದ ಆಲ್ಬುಮಿನ್ ಪ್ರೋಟೀನ್ ಜತೆ ಸೇರಿಸಿ ಸುಮಾರು 130 ನ್ಯಾನೋಮೀಟರ್‌ನ ಕಣ ಮಾಡಿದರು. ದ್ರಾವಕ ಬೇಡವಾಯಿತು. ಆದರೆ ಪ್ಯಾಕ್ಲಿಟಾಕ್ಸೆಲ್ ಕ್ಯಾನ್ಸರ್ ಮೇಲೆ ಕೆಲಸ ಮಾಡುತ್ತದೆ ಎಂಬುದು ಅದಕ್ಕೂ ಮೊದಲೇ ರೋಗಿಗಳಲ್ಲಿ ಸಾಬೀತಾಗಿತ್ತು. ನ್ಯಾನೋ ಮಾಡಿದ್ದು ಸಾಗಿಸುವ ಕೆಲಸ ಮಾತ್ರ.

ಕರ್ಕ್ಯುಮಿನ್ ವಿಷಯದಲ್ಲಿ ಇಲ್ಲದಿರುವುದು ಆ ಮೊದಲ ಸಾಕ್ಷ್ಯವೇ. ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಜೀವಕೋಶ ಸತ್ತರೆ ರೋಗಿ ಗುಣಮುಖನಾದಂತಲ್ಲ. ‘ಕಾಳುಮೆಣಸು ಸೇರಿಸಿದರೆ ಶೇ 2000 ಹೆಚ್ಚು’ ಎಂಬ ಜನಪ್ರಿಯ ಅಂಕಿ ನಮ್ಮ ಬೆಂಗಳೂರಿನದೇ; ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರ 1998ರ ಅಧ್ಯಯನದ್ದು. ಅವರು ಆರೋಗ್ಯವಂತರ ರಕ್ತದಲ್ಲಿ ಕರ್ಕ್ಯುಮಿನ್ ಎಷ್ಟಿದೆ ಎಂದು ಅಳೆದರು, ರೋಗ ವಾಸಿಯಾಯಿತೇ ಎಂದಲ್ಲ. ಬರೀ ಕರ್ಕ್ಯುಮಿನ್ ಕೊಟ್ಟಾಗ ಸಿಕ್ಕಿದ್ದು ಇಲ್ಲವೆನ್ನುವಷ್ಟು ಕಡಿಮೆ. ಒಂದು ಪೈಸೆ ಇಪ್ಪತ್ತು ಪೈಸೆಯಾದರೂ ಶೇಕಡಾವಾರು ಲೆಕ್ಕ ದೊಡ್ಡದೇ!

ಹೆಚ್ಚು ಹೀರಿಕೊಂಡರೆ ಅಡ್ಡಪರಿಣಾಮವೂ ಹೆಚ್ಚಬಹುದು. ಅರಿಶಿನದ ಕ್ಯಾಪ್ಸೂಲ್ ನುಂಗಿದವರಲ್ಲಿ ಲಿವರ್‌ಗೆ ಹಾನಿಯಾದ ಪ್ರಕರಣಗಳು ಅಮೆರಿಕ, ಇಟಲಿಯಲ್ಲಿ ವರದಿಯಾಗಿವೆ. (ಹುಳಿಗೆ ಹಾಕುವ ಚಿಟಿಕೆ ಅರಿಶಿನದ ಮಾತಲ್ಲ ಇದು.) ನಿಮ್ಮ ಮನೆಯಲ್ಲಿ ಯಾರಿಗಾದರೂ ಕೀಮೋ ನಡೆಯುತ್ತಿದ್ದು, ಇಂಥ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದರೆ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ಡಬ್ಬಿಯನ್ನೂ ಒಯ್ದು ಡಾಕ್ಟರಿಗೆ ತೋರಿಸಿ.