ಹೊಳೆಯ ಮೇಲ್ದಂಡೆಗೆ ಒಂದು ದಿನ

ಮಹಾಕಾವ್ಯದ ಲಕ್ಷಣಗಳೇನೆಂದು ಕೇಳಿದರೆ ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ಅಷ್ಟಾದಶ ವರ್ಣನೆಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಸಮುದ್ರ, ಪರ್ವತ, ಋತು, ಚಂದ್ರೋದಯ, ವನವಿಹಾರ, ಜಲಕ್ರೀಡೆ ಎಂದು ಸಾಗುವ ಆ ಪಟ್ಟಿ ಪರೀಕ್ಷೆಯಲ್ಲಿ ಅಂಕ ತರುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯುತ್ತದೆ. ಜಲಕ್ರೀಡೆಯ ಪದ್ಯಗಳಲ್ಲಿ ತಾವರೆಯುಂಟು, ಹಂಸೆಯುಂಟು, ಕಾಲು ಜಾರಿಸುವ ಪಾಚಿಗಲ್ಲು ಮಾತ್ರ ಇಲ್ಲ. ಕವಿಗೆ ಅದು ಬೇಕಾಗಿರಲಿಲ್ಲವೆಂದು ಒಪ್ಪಬಹುದು. ಆದರೆ ಹೊಳೆಯ ದಡದಲ್ಲೇ ಹುಟ್ಟಿ ಬೆಳೆದ ಕಾಸರಗೋಡಿನ ವಿದ್ಯಾರ್ಥಿಯೂ ಹೊಳೆಯನ್ನು ಪದ್ಯದಲ್ಲಿಯೇ ಮೊದಲು ಕಾಣುವಂತಾಗಿರುವುದು ಯೋಚಿಸಬೇಕಾದ ಸಂಗತಿ.

ಅದಕ್ಕಿಂತಲೂ ವಿಚಿತ್ರವಾದ ಇನ್ನೊಂದು ಮಾತಿದೆ. ಈ ನಾಡಿನ ಕನ್ನಡಿಗರಿಗೆ ಚಂದ್ರಗಿರಿ ಒಂದು ಗೆರೆಯಾಗಿ ಪರಿಚಿತ. ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1967ರ ಮಹಾಜನ ಆಯೋಗದ ವರದಿ ಆ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸಲ್ಲಬೇಕೆಂದು ಹೇಳಿತು. ಅಂದಿನಿಂದ ಸಭೆ, ಭಾಷಣ, ಮನವಿಪತ್ರಗಳಲ್ಲೆಲ್ಲ ಆ ಹೊಳೆ 'ಉತ್ತರ' ಮತ್ತು 'ದಕ್ಷಿಣ' ಎಂಬ ಎರಡು ಪದಗಳ ನಡುವೆ ನಿಂತಿದೆ. ಬಸ್ಸಿನಲ್ಲಿ ಸೇತುವೆ ದಾಟುವಾಗ ಎರಡು ನಿಮಿಷ ಕಿಟಕಿಯಿಂದ ಕಾಣಿಸುವ ನೀರಿನ ಹರವು, ಅದರ ಮೇಲುದಂಡೆಯಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದನೆನ್ನುವ ಕೋಟೆ: ಇಷ್ಟೇ ಅನೇಕರ ಚಂದ್ರಗಿರಿ. ಹೊಳೆಯನ್ನು ಅಡ್ಡಲಾಗಿ ದಾಟಿದವರು ಸಾವಿರಾರು ಮಂದಿ, ಉದ್ದಕ್ಕೆ ನಡೆದವರು ಎಷ್ಟು?

ಉದ್ದಕ್ಕೆ ನಡೆದರೆ ಕಥೆ ಬೇರೆಯೇ ಆಗುತ್ತದೆ. ಸುಮಾರು 105 ಕಿಲೋಮೀಟರು ಹರಿಯುವ ಈ ನೀರು ಕೊಡಗಿನ ಘಟ್ಟದಲ್ಲಿ, ತಲಕಾವೇರಿಯ ಆಸುಪಾಸಿನ ಕಾಡುಗಳಲ್ಲಿ ಹುಟ್ಟುತ್ತದೆ. ಸಂಪಾಜೆ, ಅರಂತೋಡು, ಸುಳ್ಯಗಳ ಬದಿಯಿಂದ ಪಯಸ್ವಿನಿಯೆಂಬ ಹೆಸರಿನಲ್ಲಿ ಇಳಿದು, ಆದೂರಿನ ಕಡೆಯಿಂದ ಕಾಸರಗೋಡು ಜಿಲ್ಲೆಯನ್ನು ಹೊಕ್ಕು, ಕಡಲಿನ ಹತ್ತಿರ ಬರುವಾಗ ಚಂದ್ರಗಿರಿಯಾಗುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡುಗಳ ಗುಡ್ಡಗಳು ಕುಸಿದು ಜೀವಗಳು ಹೋದಾಗ ಆ ಗುಡ್ಡದ ಮಣ್ಣು ಈ ಹೊಳೆಯಲ್ಲೇ ಹರಿದು ಬಂತು. ಮೇಲಿನವರ ದುಃಖದ ಬಣ್ಣ ಕೆಳಗಿನವರ ನೀರಿನಲ್ಲಿತ್ತು. ರಾಜ್ಯದ ಗಡಿಯಲ್ಲಿ ಅದನ್ನು ಸೋಸುವ ಜರಡಿಯೇನೂ ಇರಲಿಲ್ಲ.

ಪ್ರತಿವರ್ಷ ಅಧ್ಯಯನ ಪ್ರವಾಸವೆಂದರೆ ಹಂಪಿ, ಬಾದಾಮಿ, ಬೇಲೂರು, ಹಳೆಬೀಡು. ಅವುಗಳ ಬಗ್ಗೆ ಎರಡು ಮಾತಿಲ್ಲ. ಶಾಸನದ ಮುಂದೆ ನಿಂತು ಓದುವ ಭಾಗ್ಯ ಪುಸ್ತಕದಿಂದ ಸಿಗುವುದಲ್ಲ. ಆದರೆ ಮೂರು ದಿನಗಳ ಆ ಪ್ರವಾಸಕ್ಕೆ ಹಣವಿಲ್ಲದೆ ಮನೆಯಲ್ಲಿ ಉಳಿಯುವ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ, ಅವರ ಹೆಸರನ್ನು ಯಾರೂ ಕೂಗುವುದಿಲ್ಲ. ಒಂದು ಹಗಲಿನಲ್ಲಿ ಹೋಗಿಬರಬಹುದಾದ, ಬಸ್ಸಿನ ಖರ್ಚು ಮತ್ತು ಬುತ್ತಿಯಷ್ಟೇ ಬೇಕಾಗುವ ಹೊಳೆನಡಿಗೆಯೊಂದು ವಿಭಾಗದ ವಾರ್ಷಿಕ ಕಾರ್ಯಕ್ರಮದಲ್ಲಿ ಸೇರಲೇಬೇಕು.

ದಾರಿ ಕಷ್ಟದ್ದಲ್ಲ. ಚೆರ್ಕಳ, ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಅರಂತೋಡು. ಅಲ್ಲಿಂದ ಒಳಕ್ಕೆ ತೊಡಿಕಾನ. ಮಲ್ಲಿಕಾರ್ಜುನನ ಗುಡಿಯ ಬಳಿಯ ಮತ್ಸ್ಯತೀರ್ಥದಲ್ಲಿ ಮಹಶೀರ್ ಜಾತಿಯ ದೊಡ್ಡ ಮೀನುಗಳು ಮನುಷ್ಯರ ನೆರಳಿಗೆ ಬೆದರದೆ ತೇಲುತ್ತವೆ. ಅಲ್ಲಿ ಬಲೆ ಬೀಸುವವರಿಲ್ಲ. ದೇವರ ಮೀನೆಂಬ ಒಂದು ಮಾತು ಕಾವಲುಗಾರರಿಲ್ಲದೆ ತಲೆಮಾರುಗಳ ಕಾಲ ಅವುಗಳನ್ನು ಕಾಯ್ದುಕೊಂಡು ಬಂದಿದೆ. ಹಳ್ಳದ ಜಾಡು ಹಿಡಿದು ಕಾಡಿನೊಳಗೆ ಒಂದೆರಡು ಕಿಲೋಮೀಟರು ನಡೆದರೆ ದೇವರಗುಂಡಿ. ಮೊದಲು ಕೇಳುವುದು ಸದ್ದು, ಆಮೇಲೆ ಮುಖಕ್ಕೆ ತಣ್ಣನೆಯ ಗಾಳಿ, ಕೊನೆಗೆ ಮರಗಳ ನಡುವೆ ಬಿಳಿಯ ನೀರು. ಇಲ್ಲಿಯ ನೀರು ಪಯಸ್ವಿನಿಯನ್ನು ಸೇರುತ್ತದೆ. ಅಂದರೆ ಕಾಸರಗೋಡಿನ ಸೇತುವೆಯ ಕೆಳಗೆ ಹರಿಯುವುದರಲ್ಲಿ ಇದರ ಪಾಲೂ ಉಂಟು.

ಈ ನಡಿಗೆಯನ್ನು ಕನ್ನಡ ವಿಭಾಗವೇ ಏಕೆ ಮಾಡಬೇಕು, ಅದು ಸಸ್ಯಶಾಸ್ತ್ರದವರ ಕೆಲಸವಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಉತ್ತರ ಹೆಸರುಗಳಲ್ಲಿದೆ. ಪಠ್ಯಪುಸ್ತಕ 'ಜಲಪಾತ' ಎಂಬ ಒಂದೇ ಪದದಿಂದ ಎಲ್ಲ ಬೀಳುನೀರನ್ನೂ ಮುಗಿಸಿಬಿಡುತ್ತದೆ. ಕೊಡಗು, ಮಲೆನಾಡಿನವರ ಬಾಯಲ್ಲಿ ಅದು ಅಬ್ಬಿ, ತುಳುವರಿಗೆ ಅರ್ಬಿ, ಮಲಯಾಳ ತಮಿಳುಗಳಲ್ಲಿ ಅರುವಿ. ಮೂರನ್ನೂ ಒಟ್ಟಿಗೆ ಉಚ್ಚರಿಸಿದರೆ ಸಾಕು, ಭಾಷಾವಿಜ್ಞಾನದ ತರಗತಿಯ ಸೋದರ ಭಾಷೆಗಳ ಪಾಠಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಸಣ್ಣ ಹರಿವು ತೋಡು; ಅರಂತೋಡಿನ ಹೆಸರಿನಲ್ಲೇ ಅದು ಕುಳಿತಿದೆ. ಅದಕ್ಕಿಂತ ದೊಡ್ಡದು ಹಳ್ಳ, ಆಮೇಲೆ ಹೊಳೆ. ನೀರು ನಿಂತು ಆಳವಾದ ಜಾಗ ಗುಂಡಿ, ಕಯ, ಮಡು. ಬೇಸಗೆಯಲ್ಲಿ ತೋಟಕ್ಕೆ ನೀರು ನಿಲ್ಲಿಸಲು ಮಣ್ಣು ಕಲ್ಲುಗಳಿಂದ ಹಾಕುವ ತಡೆ ಕಟ್ಟ. ಏತಡ್ಕದ ಕಡೆ ಅಂಥವು ಇಂದಿಗೂ ಏಳುತ್ತವೆ. ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದು ನೀರು ತರುವುದು ಸುರಂಗ. ಮನೆಯಲ್ಲಿ ತುಳುವನ್ನೋ ಹವ್ಯಕವನ್ನೋ ಮಲಯಾಳವನ್ನೋ ಕೊಂಕಣಿಯನ್ನೋ ಆಡುವ ವಿದ್ಯಾರ್ಥಿಗಳು ತರಗತಿಯಲ್ಲಿ ತಮ್ಮ ಮಾತನ್ನು ಬಾಗಿಲ ಹೊರಗೆ ಬಿಟ್ಟು ಬರುತ್ತಾರೆ. ಹೊಳೆಯ ದಡದಲ್ಲಿ ಆ ಮಾತುಗಳೇ ಪಾಠಗಳಾಗುತ್ತವೆ. ತರಗತಿಯಲ್ಲಿ ಬಾಯಿ ತೆರೆಯದವರೇ ಅಲ್ಲಿ ಹೆಚ್ಚು ಹೇಳಬಲ್ಲವರಾಗುತ್ತಾರೆ.

ಊರ ಹೆಸರುಗಳ ಮಾತು ಬಂದಾಗ ಕಾಸರಗೋಡಿನಲ್ಲಿ ಸಿಟ್ಟು ಮೊದಲು ಬರುತ್ತದೆ. 2021ರಲ್ಲಿ ಇಲ್ಲಿಯ ಕನ್ನಡ, ತುಳು ಹೆಸರುಗಳು ಮಲಯಾಳದ ರೂಪಕ್ಕೆ ತಿರುಗುತ್ತಿವೆಯೆಂಬ ವಿವಾದವೆದ್ದಾಗ ಪತ್ರಿಕೆಗಳಲ್ಲಿ ಪಟ್ಟಿಗಳು ಬಂದವು. ಸಿಟ್ಟು ತಪ್ಪಲ್ಲ. ಆದರೆ ಕಳೆದುಹೋಗುವುದು ಏನೆಂದು ವಿವರಿಸುವಷ್ಟು ತಿಳಿವಳಿಕೆ ಸಿಟ್ಟಿನ ಜೊತೆಗೆ ಇರಬೇಕಲ್ಲವೇ? ಪಿಲಿಕುಂಜೆ ಪುಲಿಕುನ್ನು ಆದಾಗ ಹುಲಿಯೂ ಗುಡ್ಡವೂ ಉಳಿಯುತ್ತವೆ, ಭಾಷೆ ಮಾತ್ರ ಬದಲಾಗುತ್ತದೆ. ಬೇಡಡ್ಕ 'ಬೇಡಗಂ' ಆದಾಗ, ಕಾರಡ್ಕ 'ಕಾಡಗಂ' ಆದಾಗ ಅಡ್ಕವೇ ಇಲ್ಲವಾಗುತ್ತದೆ. ಅಡ್ಕವೆಂದರೆ ಗುಡ್ಡದ ಮೇಲಿನ ಒಣ ಸಮತಟ್ಟು, ಮಳೆಗಾಲದಲ್ಲಿ ಹುಲ್ಲು ಚಿಗುರುವ, ಬೇಸಗೆಯಲ್ಲಿ ಬರಡಾಗುವ ನೆಲ. ಆ ಒಂದು ಪದದಲ್ಲಿ ನೀರು ಎಲ್ಲಿ ಇಲ್ಲ ಎಂಬ ಮಾಹಿತಿ ಅಡಗಿದೆ. ಎರಡು ನಷ್ಟಗಳೂ ಒಂದೇ ಬಗೆಯವಲ್ಲವೆಂದು ಅರಿಯಲು ಅಡ್ಕದ ಮೇಲೆ ನಿಂತು, ಬೈಲಿಗಿಳಿದು, ತೋಡನ್ನು ದಾಟಿ ನೋಡಿರಬೇಕು.

ಸಾಹಿತ್ಯದ ಓದಿಗೂ ಇದರಿಂದ ಲಾಭವುಂಟು. ಶಿವರಾಮ ಕಾರಂತರ 'ಬೆಟ್ಟದ ಜೀವ' ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದವನೊಬ್ಬನ ನಡಿಗೆಯಿಂದ ಶುರುವಾಗುತ್ತದೆ. ಸಂಜೆಯ ಹೊತ್ತಿಗೆ ಕಾಡಿನ ಹಳ್ಳದ ಬದಿಯಲ್ಲಿ ಒಮ್ಮೆ ನಿಂತವರಿಗೆ ಗೋಪಾಲಯ್ಯ ಶಂಕರಮ್ಮರ ಮನೆಯ ದೀಪದ ಬೆಲೆ ತಿಳಿಯುವಷ್ಟು ಯಾವ ವಿಮರ್ಶಾಲೇಖನದಿಂದಲೂ ತಿಳಿಯದು. ನಿರಂಜನರ ವಿಷಯ ಇನ್ನೂ ಹತ್ತಿರದ್ದು. ಸುಳ್ಯದ ನೆಲ ಎದ್ದುನಿಂತ 1837ರ ರೈತ ದಂಗೆ ಅವರ 'ಕಲ್ಯಾಣಸ್ವಾಮಿ'ಯ ವಸ್ತು. 1943ರ ಮಾರ್ಚ್ 29ರಂದು ಗಲ್ಲಿಗೇರಿದ ಕಯ್ಯೂರಿನ ನಾಲ್ವರು ರೈತರ ಕಥೆ ಅವರ 'ಚಿರಸ್ಮರಣೆ'. ಮೊದಲನೆಯದರ ನೆಲ ಪಯಸ್ವಿನಿಯದು, ಎರಡನೆಯದರ ನೆಲ ತೇಜಸ್ವಿನಿಯದು. ಮಲಯಾಳ ಮಾತಾಡುವ ರೈತರ ಕಥೆ ಕನ್ನಡದಲ್ಲಿ ಹುಟ್ಟಿತು. ಎಂಡೋಸಲ್ಫಾನಿನಿಂದ ನೊಂದ ಕನ್ನಡ ಪ್ರದೇಶದ ಗ್ರಾಮ ಎಣ್ಮಕಜೆಯ ಹೆಸರನ್ನೇ ಹೊತ್ತ ಅಂಬಿಕಾಸುತನ್ ಮಾಙಾಡ್ ಅವರ ಕಾದಂಬರಿ ಮಲಯಾಳದಲ್ಲಿ ಹುಟ್ಟಿತು. ನಕ್ಷೆಯಲ್ಲಿ ಹೊಳೆಯನ್ನು ಗೆರೆಯಾಗಿ ಮಾತ್ರ ನೋಡುವ ಓದು ಈ ಕೊಡುಕೊಳೆಯನ್ನು ಕಾಣಲಾರದು.

ಆದರೂ ವಿಭಾಗಗಳು ಹಿಂಜರಿಯುತ್ತವೆ. ಅದಕ್ಕೆ ಕಾರಣ ಪಠ್ಯ ಮುಗಿಯದೆಂಬ ಚಿಂತೆಯಲ್ಲ, ಭಯ. ಪ್ರವಾಸಕ್ಕೆ ಹೋದ ವಿದ್ಯಾರ್ಥಿಗಳು ನೀರುಪಾಲಾದ ಸುದ್ದಿ ಇಲ್ಲದ ವರ್ಷವಿಲ್ಲ. ಮಗನನ್ನೋ ಮಗಳನ್ನೋ ಕಳೆದುಕೊಂಡ ಮನೆಯ ಮುಂದೆ ಅಬ್ಬಿ ಅರ್ಬಿಗಳ ವ್ಯುತ್ಪತ್ತಿಯನ್ನು ಹೇಳಲಾಗದು. ಈ ಭಯವನ್ನು ಹಗುರವಾಗಿ ತಳ್ಳಿಹಾಕುವವರು ನಡಿಗೆಯ ನಾಯಕತ್ವಕ್ಕೆ ಅಯೋಗ್ಯರು. ಆದರೆ ನಿಷೇಧದಿಂದ ನಿಲ್ಲುವುದು ಅಧ್ಯಾಪಕರ ಜೊತೆಗಿನ ನಡಿಗೆ ಮಾತ್ರ. ವಿದ್ಯಾರ್ಥಿಗಳು ರಜೆಯ ದಿನ ನಾಲ್ಕು ಬೈಕುಗಳಲ್ಲಿ, ಮೊಬೈಲಿನಲ್ಲಿ ನೋಡಿದ ವಿಡಿಯೋ ನಂಬಿಕೊಂಡು, ಯಾರಿಗೂ ಹೇಳದೆ ಹೋಗಿಯೇ ಹೋಗುತ್ತಾರೆ. ಅಪಾಯ ಇರುವುದು ಅಲ್ಲಿ.

ಇಲ್ಲಿಯೂ ಪದಗಳೇ ನೆರವಿಗೆ ಬರುತ್ತವೆ. ಗುಂಡಿಯೆಂದು ಹಿರಿಯರು ಹೆಸರಿಟ್ಟ ಜಾಗ ಆಳವಾದದ್ದು. ಕಯವೆಂದರೆ ಇನ್ನೂ ಎಚ್ಚರ. ಮೊಬೈಲು ನಕ್ಷೆ ಎಲ್ಲವನ್ನೂ ಒಂದೇ ನೀಲಿ ಚುಕ್ಕೆಯಾಗಿ ತೋರಿಸುತ್ತದೆ, ಊರಿನವರ ಮಾತು ಹಾಗೆ ತೋರಿಸುವುದಿಲ್ಲ. ತಿಳಿನೀರಿನ ಮೋಸವೊಂದಿದೆ: ಬೆಳಕು ನೀರಿನಲ್ಲಿ ಬಾಗುವುದರಿಂದ ನೇರ ಮೇಲಿನಿಂದ ನೋಡಿದರೂ ಗುಂಡಿಯ ತಳ ಮುಕ್ಕಾಲು ಆಳದಲ್ಲಿರುವಂತೆ ಕಾಣುತ್ತದೆ, ಹನ್ನೆರಡು ಅಡಿಯದು ಒಂಬತ್ತರಂತೆ. ಅಬ್ಬಿಯ ಬುಡದ ನೊರೆ ಗಾಳಿ ತುಂಬಿದ ನೀರು, ಈಜು ಬಲ್ಲವರನ್ನೂ ಎತ್ತಿಹಿಡಿಯದು. ಬೀಳುನೀರು ಅವರನ್ನು ಮತ್ತೆ ಮತ್ತೆ ಬುಡಕ್ಕೇ ಎಳೆಯುತ್ತದೆ. ತಲೆಯ ಮೇಲೆ ಬಿಸಿಲಿದ್ದರೂ ಘಟ್ಟದಲ್ಲಿ ಮಳೆ ಬಿದ್ದಿರಬಹುದು. ತಿಳಿಯಾಗಿದ್ದ ನೀರು ಒಮ್ಮೆಲೇ ಕದಡಿದರೆ, ತರಗೆಲೆ ಕಡ್ಡಿಗಳು ತೇಲಿಬಂದರೆ, ಸದ್ದು ಗಡುಸಾದರೆ ಬುತ್ತಿಯನ್ನು ಅಲ್ಲೇ ಬಿಟ್ಟು ದಂಡೆ ಹತ್ತಬೇಕು. ಇದನ್ನು ಹೇಳಿಕೊಡುವುದು ಯಾವ ವಿಭಾಗದ ಕೆಲಸವೆಂದು ವಾದಿಸುತ್ತ ಕುಳಿತರೆ ಯಾರೂ ಹೇಳಿಕೊಡುವುದಿಲ್ಲ.

ಆದ್ದರಿಂದ ಬೇಕಾದದ್ದು ಕಟ್ಟುಪಾಡುಳ್ಳ ನಡಿಗೆ. ಜೂನಿನಿಂದ ಮಳೆ ನಿಲ್ಲುವವರೆಗೆ ಆ ಕಡೆ ಹೆಜ್ಜೆಯಿಡಬಾರದು. ಡಿಸೆಂಬರು ಜನವರಿ ಸರಿಯಾದ ಕಾಲ, ಉಂಬಳದ ಕಾಟವೂ ಕಡಿಮೆ. ಕಾಡಿಗೆ ಬೇಕಾದ ಅನುಮತಿಯನ್ನು ಮುಂಚೆಯೇ ಪಡೆಯಬೇಕು. ಇಪ್ಪತ್ತೈದು ಮಂದಿಗಿಂತ ಹೆಚ್ಚು ಬೇಡ. ಊರಿನ ಒಬ್ಬರು ಜೊತೆಗಿರಲೇಬೇಕು, ಅವರು ಬೇಡವೆಂದ ಕಡೆ ಅಧ್ಯಾಪಕರೂ ಇಳಿಯಬಾರದು. ಗುಂಡಿಯ ನೀರಿಗೆ ಯಾರೂ ಇಳಿಯಕೂಡದು. ಮೊಣಕಾಲು ಮುಳುಗದ ಹಳ್ಳದಲ್ಲಿ ಕಾಲು ನೆನೆಸಿದರೆ ಸಾಕು. ಇಷ್ಟಕ್ಕೆ ಉತ್ಸಾಹ ಇಳಿದುಹೋಗುವವರು ಬಸ್ಸು ಹತ್ತದಿದ್ದರೆ ಎಲ್ಲರಿಗೂ ಒಳ್ಳೆಯದು. ದೇವರಗುಂಡಿಯ ದಡದಲ್ಲಿ ಪ್ಲಾಸ್ಟಿಕ್ ತಟ್ಟೆ ಬಿಟ್ಟುಬರುವವರ ಬಗ್ಗೆ ಹೇಳುವುದೇ ಬೇಡ. ಆ ತಟ್ಟೆ ಒಂದು ಮಳೆಗಾಲದಲ್ಲಿ ಅವರ ಊರಿನ ಸೇತುವೆಯ ಕೆಳಗೇ ಬಂದು ನಿಂತೀತು.

ಕೈಯಲ್ಲಿ ಒಂದು ನೋಟುಪುಸ್ತಕವಿರಲಿ. ದಾರಿಯುದ್ದಕ್ಕೂ ಕೇಳಿದ ನೀರಿನ, ಕಲ್ಲಿನ, ಮರದ, ಮೀನಿನ ಹೆಸರುಗಳನ್ನು ಹೇಳಿದವರ ಉಚ್ಚಾರದಲ್ಲೇ ಬರೆದುಕೊಂಡು, ಯಾವ ಮನೆಮಾತಿನಲ್ಲಿ ಯಾವ ರೂಪವೆಂದು ಗುರುತಿಸಿದರೆ ಅದು ಮುಂದಿನ ಸಂಚಿಕೆಗೆ ಎರಡು ಪುಟ. ಮೂರು ವರ್ಷ ಹೀಗೆ ನಡೆದರೆ ಹೊಳೆಯ ಒಂದು ಸಣ್ಣ ಪದಕೋಶವೇ ವಿಭಾಗದ ಕಪಾಟಿನಲ್ಲಿರುತ್ತದೆ. ಗುಂಡಿಯ ಬಳಿಯಿಂದ ಮಧ್ಯಾಹ್ನ ಮೂರಕ್ಕೆ ಹೊರಟರೆ ಬೆಳಕಿರುವಾಗಲೇ ಜಾಲ್ಸೂರು ದಾಟಬಹುದು. ಅಲ್ಲಿಂದ ಮುಂದೆ ಬೋರ್ಡುಗಳ ಲಿಪಿ ಬದಲಾಗುತ್ತದೆ; ಬೆಳಿಗ್ಗೆ ತೊಡಿಕಾನದಲ್ಲಿ ಕಂಡ ನೀರು ಅದೇ ಹೊತ್ತಿಗೆ ಎಲ್ಲೋ ಅರಂತೋಡಿನ ಬಳಿ ಇಳಿದು ಬರುತ್ತಿರುತ್ತದೆ.